ಮಹಾಸಭೆಗೆ ಬಂದ ಷೇರುದಾರರು

ಕಂಪನಿಯ ಷೇರು ಊರೂರಿಗೆ ಹಂಚಿದ ಮೇಲೆ ಕಂಪನಿ ಕಾನೂನೂ ಊರಿನವರ ಬಾಯಿಗೆ ಬೀಳಲೇಬೇಕಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನ ಕಡೆ, ತವುಡಿನಿಂದ ಎಣ್ಣೆ ತೆಗೆಯುವ ಕಂಪನಿಯೊಂದರ ಷೇರು ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಷೇರುಪೇಟೆಯಲ್ಲಿ ಹೆಸರಿದ್ದ ಕಂಪನಿ. ಷೇರುದಾರರಲ್ಲಿ ಬಹುಪಾಲು ಸುತ್ತಮುತ್ತಲ ರೈತರು. ವರ್ಷಕ್ಕೊಮ್ಮೆ ಮಹಾಸಭೆ ನಡೆದಾಗ ಬಾಗಿಲಲ್ಲಿ ಕೂತು ರುಜು ಹಾಕಿಸಿಕೊಳ್ಳುವುದು ನನ್ನ ಕೆಲಸ.

ಹೆಂಡತಿಯ ಪರವಾಗಿ

ದುದ್ದದ ರೈತರೊಬ್ಬರು ಬಂದರು. ಷೇರು ಇದ್ದದ್ದು ಹೆಂಡತಿಯ ಹೆಸರಲ್ಲಿ. ಇವರು ಆಕೆಯ ಬದಲಿಗೆ ಬಂದ ಪ್ರಾಕ್ಸಿ.

"ಯಜಮಾನ್ರೇ, ಒಳಗೆ ಕೂತ್ಕೋಬಹುದು. ಆದ್ರೆ ಪ್ರಾಕ್ಸಿಯಾಗಿ ಬಂದವರು ಸಭೇಲಿ ಮಾತಾಡೋ ಹಾಗಿಲ್ಲ," ಎಂದೆ.

"ಅದೇನ್ ಒಸದಲ್ಲ ಬುಡಿ ಸ್ವಾಮಿ," ಎಂದು ರುಜು ಹಾಕಿದರು. "ಮನೇಲೂ ಅಂಗೇಯ."

ಓದಿದಂತೆ

ನಿರ್ದೇಶಕರ ವರದಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿರುತ್ತಿದ್ದೆವು. ಸಭೆಯಲ್ಲಿ ಅಧ್ಯಕ್ಷರು, "ವರದಿಯನ್ನು ಓದಿದಂತೆ ಭಾವಿಸೋಣವೇ?" ಎಂದು ಕೇಳುವುದು, ಎಲ್ಲರೂ ತಲೆಯಾಡಿಸುವುದು ವಾಡಿಕೆ. ಒಂದು ಸಲ ಮಳವಳ್ಳಿಯ ಕಡೆಯವರೊಬ್ಬರು ಎದ್ದು ನಿಂತರು.

"ಓದ್ದೇನೆ ಓದ್ದಂಗೆ ಅಂತ ಯಂಗ್ ಅಂದ್ಕಳಾದು? ಬಸ್ ಚಾರ್ಜು ಕೊಟ್ಟು ಬಂದಿವ್ನಿ, ಓದಿ."

ಕೇಳಿದ್ದು ನ್ಯಾಯವೇ. ಅಧ್ಯಕ್ಷರು ಕನ್ನಡಕ ಏರಿಸಿ ಶುರು ಮಾಡಿದರು. ಸವಕಳಿ, ಮೀಸಲು ನಿಧಿ, ಕಚ್ಚಾ ಮಾಲಿನ ದರ. ಮಧ್ಯಾಹ್ನದ ಸೆಕೆ ಬೇರೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು. ಓದಿ ಎಂದವರು ಸಣ್ಣಗೆ ಗೊರಕೆಯನ್ನೇ ಹೊಡೆಯುತ್ತಿದ್ದರು. ಮುಗಿಸಿ ಬೆವರು ಒರೆಸಿಕೊಂಡ ಅಧ್ಯಕ್ಷರು ಅವರನ್ನು ಎಬ್ಬಿಸಿ, "ಪೂರ್ತಿ ಓದಿದ್ದೀನಿ. ಒಪ್ಪಿಗೆಯೇ?" ಎಂದರು.

ಅವರು ಕಣ್ಣುಜ್ಜಿಕೊಂಡು, "ಕೇಳ್ದಂಗೆ ಅಂದ್ಕಳಿ ಸ್ವಾಮಿ," ಎಂದರು.

ನಿವೃತ್ತಿ

ಪ್ರತಿವರ್ಷ ನಿರ್ದೇಶಕರಲ್ಲಿ ಕೆಲವರು ಸರದಿಯ ಮೇಲೆ ನಿವೃತ್ತರಾಗಬೇಕು ಎಂಬುದು ಕಾನೂನು. ಆದವರನ್ನೇ ಅದೇ ಸಭೆಯಲ್ಲಿ ಮತ್ತೆ ಆರಿಸುವುದು ರೂಢಿ. ಆ ವರ್ಷದ ಸರದಿ ಬೆಂಗಳೂರಿನ ವಕೀಲರೊಬ್ಬರದು. ಸಭೆಗೆ ಬಿಟ್ಟರೆ ಅವರು ಕಂಪನಿಯ ಕಡೆ ತಲೆ ಹಾಕಿದವರಲ್ಲ.

ನೋಟಿಸಿನಲ್ಲಿ 'ನಿವೃತ್ತರಾಗುತ್ತಾರೆ' ಎಂಬಲ್ಲಿಗೇ ಓದು ನಿಲ್ಲಿಸಿದ ಚಿಕ್ಕರಸಿನಕೆರೆಯ ಷೇರುದಾರರು ಹಾರ, ಶಾಲು, ಹಣ್ಣಿನ ತಟ್ಟೆ ಹಿಡಿದು ಬಂದುಬಿಟ್ಟರು. ಅವರಲ್ಲಿ ಹಿರಿಯರಾದ ಗೌಡರು ಶಾಲು ಹೊದಿಸಿ, "ಇಷ್ಟ್ ವರ್ಸ ನಮ್ಜೊತೆ ಇದ್ರಿ. ಎಲ್ಲಿದ್ರೂ ಚೆಂದಾಗಿರಿ," ಎಂದರು. ವಕೀಲರ ಕಣ್ಣು ತುಂಬಿತು.

ಆಗ ಕಾರ್ಯದರ್ಶಿ ಮುಂದಿನ ವಿಷಯ ಓದಿದರು: ಅವರ ಮರುನೇಮಕ.

"ಅಂಗಾರೆ ಇವ್ರು ಓಗಾಕಿಲ್ವಾ?" ಗೌಡರು ಕೇಳಿದರು.

"ಇಲ್ಲ ಗೌಡ್ರೇ. ಕಾನೂನಿಗೋಸ್ಕರ ನಿವೃತ್ತಿ, ಅಷ್ಟೇ."

"ಶಾಲು ಒದ್ಸಿ ಕಳಿಸ್ಕೊಟ್ಟ ಮೇಲೆ ಅಲ್ಲೇ ಕೂತಿದ್ರೆ ನೋಡಾಕೆ ಚೆಂದಾಗಿರಾಕಿಲ್ಲ ಸ್ವಾಮಿ."

ಮರುನೇಮಕಕ್ಕೆ ಯಾರೂ ಕೈಯೆತ್ತಲಿಲ್ಲ. ವಕೀಲರು ಕೊರಳಿನ ಹಾರವನ್ನೊಮ್ಮೆ ನೋಡಿಕೊಂಡು, ನಕ್ಕು, ತಾವೇ ಹಿಂದೆ ಸರಿದರು. ಆ ಜಾಗಕ್ಕೆ ಮುಂದೆ ಗೌಡರೇ ಬಂದರು.

ಕೆಲವು ವರ್ಷಕ್ಕೆ ಅವರ ಸರದಿಯೂ ಬಂತು. ನೋಟಿಸು ಅಚ್ಚಿಗೆ ಹೋಗುವ ಮೊದಲೇ ನನ್ನ ಮೇಜಿನ ಬಳಿ ಬಂದು ಬಗ್ಗಿ, ಮೆಲ್ಲಗೆ ಹೇಳಿದರು: "ನಿವೃತ್ತಿ ಗಿವೃತ್ತಿ ಬರೀಬ್ಯಾಡಿ ಸ್ವಾಮಿ. ನಮ್ ಗೌಡ್ರು ಓಗ್ಬುಟ್ ಬತ್ತಾರೆ ಅಂತ ಬರೀರಿ."