ಎಣ್ಣೆ ಹಚ್ಚಿಕೊಂಡ ಉಪದೇಶಕ

ಗಂಡಸರ ಕುಲವನ್ನೇ ತಿದ್ದಿ ನೇರ ಮಾಡಿಬಿಡುತ್ತೇನೆಂದು ನಾನು ಪೆನ್ನು ಹಿಡಿದು ಶಪಥ ಮಾಡಿದೆ!

ಶಪಥಕ್ಕೆ ಕಾರಣ ನನ್ನ ಹೆಂಡತಿಯ ಬಲಭುಜ. ಅವಳು ಟ್ರಾಫಿಕ್ ಪೊಲೀಸ್. ಅವಳು ಕೈ ಎತ್ತಿದರೆ ಕಲ್ಲು ತುಂಬಿದ ಲಾರಿಯೂ ಹಸುವಿನ ಹಾಗೆ ನಿಲ್ಲುತ್ತದೆ, ಮನೆಯಲ್ಲಿ ನಾನೂ. ಅಂಥ ಕೈ ಈಗ ಕೆಲವು ವಾರಗಳಿಂದ ಎದೆಯ ಮಟ್ಟ ದಾಟಿ ಮೇಲೇಳುತ್ತಿರಲಿಲ್ಲ. ಡಾಕ್ಟರು, "ಮೂಳೆಗೇನೂ ಆಗಿಲ್ಲ, ಸ್ನಾಯು ಬಿಗಿದಿದೆ. ಬೆಚ್ಚಗಿನ ಎಣ್ಣೆ ಹಾಕಿ ಮೆಲ್ಲಗೆ ತಿಕ್ಕಿಸಿಕೊಳ್ಳಿ" ಎಂದಿದ್ದರು. ಅವಳ ಇನ್‌ಸ್ಪೆಕ್ಟರು ಮಾತ್ರ, "ಸೋಮವಾರ ನಾನೇ ಸರ್ಕಲ್ಲಿಗೆ ಬಂದು ನೋಡ್ತೀನಮ್ಮ. ಕೈ ಎದ್ದರೆ ಸರಿ. ಇಲ್ಲದಿದ್ದರೆ ಹಳೇ ಫೈಲುಗಳ ಕೋಣೆಗೆ ಹೋಗಿ ಕೂತ್ಕೋ" ಎಂದುಬಿಟ್ಟಿದ್ದರು. ಹೊಗೆ, ಬಿಸಿಲು, ಬೈಗುಳ ಏನೇ ಇರಲಿ, ನನ್ನವಳಿಗೆ ಆ ಸರ್ಕಲ್ಲೇ ಪ್ರಾಣ. ಫೈಲುಗಳ ನಡುವೆ ಕೂರಿಸಿದರೆ ಅವಳು ಒಣಗಿಹೋಗುತ್ತಾಳೆ.

ಆಗ ನಾನೇನು ಮಾಡಿದೆ? ಲೇಖನ ಬರೆದೆ!

"ಎಲೈ ಗಂಡಂದಿರೇ! ದುಡಿದು ದಣಿದ ಹೆಂಡತಿಯ ಭುಜಕ್ಕೆ ಒಂದು ಹನಿ ಎಣ್ಣೆ ತಿಕ್ಕದ ನಿಮ್ಮ ಕೈ ಕೈಯೇ? ಅದು ತೋಳಿಗೆ ಅಂಟಿದ ಸೌಟು!" ಎಂದು ಗುಡುಗಿದೆ. ಅಭ್ಯಂಗದಿಂದ ದಣಿವು ಇಳಿಯುತ್ತದೆ, ನಿದ್ದೆ ಬರುತ್ತದೆ, ಚರ್ಮ ಮೆತ್ತಗಾಗುತ್ತದೆ, ಕೀಲು ಸಡಿಲಾಗುತ್ತದೆ ಎಂದು ಪುಟ ತುಂಬಿಸಿದೆ. ಭಾನುವಾರ ಬೆಳಿಗ್ಗೆ ಪತ್ರಿಕೆ ಬಂತು. ಹೆಂಡತಿ ಕುರ್ಚಿಯಲ್ಲಿ ಕೂತು ಪೂರ್ತಿ ಓದಿ, ಕನ್ನಡಕ ತೆಗೆದಳು.

"ತುಂಬ ಚೆನ್ನಾಗಿದೆ ಕಣ್ರೀ. ಈಗ ನನ್ನ ಭುಜ ತಿಕ್ಕಿ."

"ಈಗಲೇನಾ?"

"ಇಲ್ಲ, ನಿಮ್ಮ ಲೇಖನ ಪುಸ್ತಕವಾಗಿ ಬಂದ ಮೇಲೆ!"

ಒಲೆಯ ಮುಂದಿದ್ದ ಅಮ್ಮ ತಿರುಗಿ, "ತಾ ಇಲ್ಲಿ, ನಾನೇ ತಿಕ್ತೀನಿ ಸೊಸೆಗೆ" ಎಂದಳು.

"ಅಮ್ಮಾ, ಇದು ಶಾಸ್ತ್ರ. ರೊಟ್ಟಿ ತಟ್ಟಿದ ಹಾಗಲ್ಲ!" ಎಂದು ಅವಳ ಬಾಯಿ ಮುಚ್ಚಿಸಿದೆ.

ಎಳ್ಳೆಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ನನ್ನೊಳಗಿನ ಆತ್ಮಸಾಕ್ಷಿ ಎದ್ದು ಕೂತಿತು. ತಾನು ಅನುಭವಿಸದ್ದನ್ನು ಇನ್ನೊಬ್ಬರ ಮೈಮೇಲೆ ಪ್ರಯೋಗಿಸುವುದು ಅನ್ಯಾಯವಲ್ಲವೇ? ಮೊದಲು ನನ್ನ ಮೇಲೆ! ಬಟ್ಟಲು ಹಿಡಿದು, ಹಳೇ ಚಡ್ಡಿ ತೊಟ್ಟು ಬಚ್ಚಲು ಹೊಕ್ಕೆ. ಎಣ್ಣೆ ಹಚ್ಚಿದ ಮೇಲೆ ಕೂಡಲೇ ಸೋಪು ಮುಟ್ಟಬಾರದೆಂದು ಎಲ್ಲೋ ಓದಿದ್ದೆ. ಆಸೆ ಹುಟ್ಟದಿರಲೆಂದು ಸೋಪನ್ನೂ ಟವೆಲನ್ನೂ ಹೊರಗಿಟ್ಟು ಬಾಗಿಲು ಹಾಕಿಕೊಂಡೆ.

ಆಹಾ, ಆ ಸುಖ! ನೆತ್ತಿಗೆ ಒಂದು ಬೊಗಸೆ, ಹೊಟ್ಟೆಗೆ ಎರಡು. ಬೆನ್ನಿಗೆ ಕೈ ಎಟುಕದೆ ಗೋಡೆಗೇ ಎಣ್ಣೆ ಬಳಿದು, ಕರಡಿ ಮರಕ್ಕೆ ಉಜ್ಜಿದ ಹಾಗೆ ಉಜ್ಜಿಕೊಂಡೆ. ಪ್ರಪಂಚದ ಮೇಲಿದ್ದ ನನ್ನ ಅರ್ಧ ಸಿಟ್ಟು ಅಲ್ಲೇ ಕರಗಿತು.

"ರೀ, ಆಯ್ತಾ?" ಹೊರಗಿನಿಂದ ಹೆಂಡತಿ.

"ಬಂದೆ!"

ಬರುವುದು ಹೇಗೆ? ನಮ್ಮ ಬಚ್ಚಲ ಬಾಗಿಲಿಗಿರುವುದು ನಾನೇ ಹಟ ಹಿಡಿದು ಹಾಕಿಸಿದ, ಗುಂಡಗಿನ, ಹೊಳೆಯುವ ಹಿಡಿ. ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಅದನ್ನು ತಿರುಗಿಸಿದರೆ ಮಾತ್ರ ತೆರೆಯುತ್ತದೆ, ಹೊರಗಿನ ಹಿಡಿ ತಿರುಗುವುದೇ ಇಲ್ಲ. ನಾನು ತಿರುಗಿಸಿದೆ. ಕೈ ತಿರುಗಿತು, ಹಿಡಿ ತಿರುಗಲಿಲ್ಲ! ಎರಡೂ ಕೈ ಹಾಕಿದೆ. ಜಾರಿ ಹಿಂದಕ್ಕೆ ಹೋಗಿ ಬಕೆಟ್ಟಿನಲ್ಲಿ ಕೂತೆ.

"ಏನ್ರೀ ಅದು ಸದ್ದು?"

"ಏನಿಲ್ಲ, ಬಾಗಿಲು ಸ್ವಲ್ಪ... ಕೈ ಜಾರ್ತಿದೆ."

"ಚಡ್ಡಿಗೆ ಒರೆಸಿಕೊಳ್ಳಿ."

"ಚಡ್ಡಿ ನನಗಿಂತ ಮೊದಲೇ ಎಣ್ಣೆ ಕುಡಿದಿದೆ!"

ಹೊರಗೆ ಸಿಡಿಲು ಬಡಿಯಿತು. "ಅಂದ್ರೆ, ಊರಿಗೆಲ್ಲ ಹೆಂಡ್ತಿ ಭುಜ ತಿಕ್ಕಿ ಅಂತ ಬರೆದು, ನೀವು ನಿಮ್ಮ ಹೊಟ್ಟೆ ತಿಕ್ಕೊಂಡು ಕೂತಿದ್ದೀರಾ?"

ಬಟ್ಟಲಿನೊಳಗೆ ಇಣುಕಿದೆ. ಎಣ್ಣೆ ಪೂರ್ತಿ ಮುಗಿದಿತ್ತು.

"ಬಾಗಿಲಿಗೆ ಒಂದು ಸಲ ಭುಜ ಕೊಟ್ಟು ತಳ್ಳು, ತೆರೆದುಕೊಳ್ಳುತ್ತೆ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಯಾವ ಭುಜ ರೀ? ಇರೋದೊಂದು ಚೆನ್ನಾಗಿದೆ, ಅದನ್ನೂ ಕಳೀಬೇಕಾ?"

ಬಾಗಿಲ ಕೆಳಗಿನ ಸಂದಿಯಿಂದ ಅಮ್ಮ ಪತ್ರಿಕೆಯ ಹಾಳೆಯೊಂದನ್ನು ತಳ್ಳಿದಳು. ನೋಡಿದರೆ ನನ್ನದೇ ಲೇಖನ! ಅದನ್ನು ಹಿಡಿಗೆ ಸುತ್ತಿ ತಿರುಗಿಸಿದೆ. ಪರ್ರನೆ ಹರಿಯಿತು. "ಅಮ್ಮಾ, ಇದರಲ್ಲಿ ಗಟ್ಟಿತನವೇ ಇಲ್ಲ!" ಎಂದೆ.

"ಓದಿದಾಗ್ಲೇ ಗೊತ್ತಾಯ್ತು ಕಣೋ" ಎಂದಳು ಅಮ್ಮ.

"ಬೇರೆ ಹಾಳೆ ಕೊಡಿ!"

"ಇರು, ಒಲೆ ಮೇಲೆ ಎಣ್ಣೆ ಇಟ್ಟಿದ್ದೀನಿ."

ಆಮೇಲೆ ಹೊರಗಿನಿಂದ ಹಾಳೆ ಬರಲಿಲ್ಲ, ಮಾತು ಬಂತು. "ನೋಡು, ಮಣಿಕಟ್ಟಿನ ಮೇಲೆ ಒಂದು ಹನಿ. ಸುಡ್ತಾ?" "ಇಲ್ಲ ಅತ್ತೆ." "ಉಸಿರು ಬಿಡು. ನೋವು ಎಲ್ಲಿ, ಇಲ್ಲಾ?" "ಅಯ್ಯೋ... ಹಾಂ... ಅಲ್ಲೇ ಅತ್ತೆ!" ಬಾಗಿಲ ಈಚೆ ನಾನು ಎಣ್ಣೆಯಲ್ಲಿ ಅದ್ದಿದ ಸೀಗಡಿಯ ಹಾಗೆ ಹೊಳೆಯುತ್ತ, ಚಳಿಗೆ ನಡುಗುತ್ತ ನಿಂತಿದ್ದೆ.

"ಅಮ್ಮಾ, ಹಾಳೆ!"

"ಸುಮ್ನಿರೋ, ಭುಜ ಈಗ ತಾನೇ ಸಡಿಲಾಗ್ತಿದೆ. ನೀನು ಹೊರಗೆ ಬಂದ್ರೆ ಶಾಸ್ತ್ರ ಶುರು ಮಾಡ್ತೀಯ."

ಅತ್ತೆ ಸೊಸೆ ನಕ್ಕರು. ಇಷ್ಟು ವರ್ಷದಲ್ಲಿ ಅವರಿಬ್ಬರು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಕಡಿಮೆ. ಬಹಳ ಹೊತ್ತಿನ ಮೇಲೆ ಹರಾಜು ನೋಟಿಸುಗಳ ಪುಟ ಒಳಗೆ ಬಂತು. ಒಂದೇ ತಿರುವಿಗೆ ಬಾಗಿಲು ತೆರೆಯಿತು!

ಸಂಜೆ ಮತ್ತೊಮ್ಮೆ, ಮರುದಿನ ಮುಂಜಾನೆ ಇನ್ನೊಮ್ಮೆ ಅಮ್ಮ ತಿಕ್ಕಿದಳು. ನನ್ನ ಪಾಲಿಗೆ ಬಂದದ್ದು ಬಚ್ಚಲ ಗೋಡೆ ತಿಕ್ಕುವ ಕೆಲಸ.

ಸೋಮವಾರ ಸರ್ಕಲ್ಲಿನ ಪಕ್ಕದ ಫುಟ್‌ಪಾತಿನಲ್ಲಿ ಉಸಿರು ಬಿಗಿಹಿಡಿದು ನಿಂತೆ. ಇನ್‌ಸ್ಪೆಕ್ಟರು ಬಂದರು. ಸಿಗ್ನಲ್ ಕೆಟ್ಟಿತ್ತು, ನಾಲ್ಕೂ ಕಡೆಯಿಂದ ವಾಹನ ನುಗ್ಗುತ್ತಿತ್ತು. ನನ್ನವಳ ಕೈ ಎದ್ದಿತು. ಎದೆ ದಾಟಿತು. ಒಂದು ಗಳಿಗೆ ತಡೆಯಿತು, ಅವಳು ಹಲ್ಲು ಕಚ್ಚಿದಳು. ಭುಜ ದಾಟಿತು, ಕಿವಿಯನ್ನೂ ದಾಟಿ ನಿಂತಿತು! ರಸ್ತೆಗೆ ರಸ್ತೆಯೇ ಗಪ್ಪೆಂದು ನಿಂತಿತು. ನನ್ನ ಕಣ್ಣು ಒದ್ದೆಯಾಯಿತು.

"ಭೇಷ್!" ಎಂದರು ಇನ್‌ಸ್ಪೆಕ್ಟರು. ನನ್ನನ್ನು ಕಂಡು, "ಓಹೋ, ಯಜಮಾನರು! ಪೇಪರಲ್ಲಿ ಓದಿದೆ ಸ್ವಾಮಿ. ಎಲ್ಲ ಇವರ ಕೈಗುಣ ಅಲ್ವೇನಮ್ಮ?"

ನಾನು ಕಾಲರ್ ಸರಿಮಾಡಿಕೊಂಡೆ.

"ಹೌದು ಸಾರ್, ಇವರ ಉಪಕಾರ ಮರೆಯೋ ಹಾಗಿಲ್ಲ" ಎಂದಳು ನನ್ನವಳು, ಎತ್ತಿದ ಕೈ ಇಳಿಸದೆ. "ಭಾನುವಾರ ಪೂರ್ತಿ ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡು, ನನ್ನ ಭುಜ ಮುಟ್ಟಲೇ ಇಲ್ಲ ನೋಡಿ. ಅದಕ್ಕೇ ವಾಸಿಯಾಯ್ತು!"