ಸಿಂಹದ ಬಾಲ, ಹೊಸ ಪೋರ್ಟು

ಫೋಟೋ ಸ್ಟುಡಿಯೋದವನ ಕಂಪ್ಯೂಟರಿಗೆ ಹನ್ನೆರಡು ವರ್ಷ. ಒಂದು ಮದುವೆಯ ಫೋಟೋಗಳನ್ನು ಡಿಸ್ಕಿಗೆ ತುಂಬಿಸಲು ಅದಕ್ಕೆ ಮೂರು ಗಂಟೆ ಬೇಕು. ಅಷ್ಟರಲ್ಲಿ ಆ ಮದುವೆಯನ್ನೇ ಇನ್ನೊಮ್ಮೆ ಮಾಡಿ ಮುಗಿಸಬಹುದು. ಇದರ ದೆಸೆಯಿಂದ ಮಗಳ ಶಾಲೆಯ ಎರಡು ನಾಟಕ ತಪ್ಪಿದ್ದವು. ಇವತ್ತು ಐದಕ್ಕೆ ಮೂರನೆಯದು. ಮಗಳದು ಸಿಂಹದ ಪಾತ್ರ.

“ಅಪ್ಪಾ, ಈ ಸಲವೂ ಬರದಿದ್ರೆ ನಿನ್ನ ಜೊತೆ ಮಾತೇ ಆಡಲ್ಲ!” ಎಂದು ಬೆಳಿಗ್ಗೆಯೇ ಗರ್ಜಿಸಿದ್ದಳು.

ಹಾಗಾಗಿ ಅವನು ಕಂಪ್ಯೂಟರಿನೊಳಗೆ ಕೂರಿಸುವ, ಡಿಸ್ಕು ಸಿಕ್ಕಿಸಲು ವೇಗದ ಯುಎಸ್‌ಬಿ ಪೋರ್ಟುಗಳಿರುವ ಕಾರ್ಡು ತಂದ. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಎರಡು ಬಂತು. ಕಂಪ್ಯೂಟರಿನ ಮುಚ್ಚಳ ತೆಗೆಯುವಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ಹಿಡಿದು ಹಾಜರಾದ.

“ಬಿಡಣ್ಣ, ನಾನು ಬಿಗೀತೀನಿ,” ಎಂದವನು ಮೊದಲ ಸ್ಕ್ರೂವನ್ನೇ ಒಳಗೆ ಬೀಳಿಸಿದ. ಇಬ್ಬರೂ ಕಂಪ್ಯೂಟರನ್ನು ಬೋರಲು ಹಾಕಿ, ತೊಟ್ಟಿಲಿನಂತೆ ತೂಗಿದರು. ಧೂಳು ಬಂತು, ಒಣಗಿದ ಜಿರಳೆ ಬಂತು, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಸ್ಕ್ರೂ ಬಂತು.

ಕಾರ್ಡು ಕೂರಿಸಿ ಸ್ವಿಚ್ ಹಾಕಿದರೆ ಪೋರ್ಟುಗಳಿಗೆ ಜೀವವೇ ಇಲ್ಲ. ಗಂಟೆ ನಾಲ್ಕು. ಸ್ಟುಡಿಯೋದವನು ತಲೆ ಮೇಲೆ ಕೈ ಹೊತ್ತು ಕೂತ.

ಟೈಲರ್ ಬಗ್ಗಿ ನೋಡಿದ. “ಅಲ್ಲಣ್ಣ, ದಾರ ಪೋಣಿಸದೆ ಮಿಷನ್ ಹೊಲಿಯುತ್ತಾ? ಇಲ್ಲೊಂದು ತೂತು ಖಾಲಿ ಇದೆ, ಅಲ್ಲೊಂದು ವೈರು ಸುಮ್ನೆ ನೇತಾಡ್ತಿದೆ.”

ಕಾರ್ಡಿಗೆ ಕರೆಂಟ್ ಕೊಡುವ ವೈರು! ಯಂತ್ರ ಆರಿಸಿ ಅದನ್ನು ಸಿಕ್ಕಿಸಿದ್ದೇ ತಡ, ಮೂರು ಗಂಟೆಯ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಸ್ಟುಡಿಯೋದವನಿಗೆ ಕಣ್ಣು ತುಂಬಿ ಬಂತು.

“ನಿನ್ನ ಉಪಕಾರ ಮರೆಯಲ್ಲ ಕಣಯ್ಯ!”

“ಇದೇನು ಮಹಾ! ಸಿಂಹದ ಬಟ್ಟೆ ಹೊಲಿದದ್ದೂ ನಾನೇ. ಕೊಡೋಕೆ ಹೋಗ್ತೀನಿ, ನೀನು ಹಿಂದೆ ಬಾ,” ಎಂದು ಟೈಲರ್ ಮುಂದೆ ಹೋದ.

ನಾಲ್ಕೂವರೆಗೆಲ್ಲ ಸ್ಟುಡಿಯೋದವನು ಶಾಲೆಯ ಬಾಗಿಲಲ್ಲಿದ್ದ. ಹೆಡ್‌ಮೇಡಂ ಓಡಿ ಬಂದರು.

“ದೇವರು ಬಂದ ಹಾಗೆ ಬಂದ್ರಿ! ನಾಟಕದ ಹಿಂದೆ ಪರದೆ ಮೇಲೆ ತೋರಿಸೋ ಕಾಡಿನ ಚಿತ್ರಗಳೆಲ್ಲ ಈ ಡಿಸ್ಕಲ್ಲಿವೆ, ಇಳಿಸೋಕೆ ನಮ್ಮ ಕಂಪ್ಯೂಟರ್ ಎರಡು ಗಂಟೆ ಬೇಕು ಅಂತಿದೆ. ನಿಮ್ಮ ಹತ್ರ ಇನ್ನೊಂದು ಕಾರ್ಡಿದೆಯಂತೆ, ಟೈಲರ್ ಹೇಳಿದ್ರು. ಕಾಡಿಲ್ಲದೆ ಸಿಂಹ ಎಲ್ಲಿ ನಿಲ್ಲಬೇಕು, ನೀವೇ ಹೇಳಿ?”

ಮಗಳಿಗೆ ಕಾಡು ಬೇಡವೆನ್ನಲು ಯಾವ ಅಪ್ಪನಿಗೆ ಬಾಯಿ ಬಂದೀತು? ಅವನು ಜೇಬಿನಲ್ಲೇ ಉಳಿದಿದ್ದ ಉಚಿತದ ಕಾರ್ಡು ಹಿಡಿದು ಆಫೀಸಿನ ಮೇಜಿನಡಿ ನುಗ್ಗಿದ. ಕಾಡೇನೋ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಬಂತು. ಆದರೆ “ದೃಶ್ಯ ಮುಗಿದ ಹಾಗೆ ಮುಂದಿನ ಚಿತ್ರ ಕಳಿಸ್ತಿರಿ” ಎಂದು ಅವನನ್ನು ಅಲ್ಲೇ ಕೂರಿಸಿದರು. ಮಗಳ ಗರ್ಜನೆ ಗೋಡೆಯಾಚೆಯಿಂದ ಕೇಳಿತು, ಚಪ್ಪಾಳೆಯೂ.

ನಾಟಕ ಮುಗಿದೊಡನೆ ಮಗಳು ಓಡಿಬಂದು ತಬ್ಬಿದಳು. “ಮೇಡಂ ಸ್ಟೇಜ್ ಮೇಲೆ ನಿನಗೆ ಥ್ಯಾಂಕ್ಸ್ ಹೇಳಿದ್ರು! ನನ್ನ ನೋಡಿದ್ಯಾ ಅಪ್ಪಾ?”

ಅಪ್ಪ ಅವಳ ಕೇಸರ ಸರಿಮಾಡತೊಡಗಿದ. ಟೈಲರ್ ಅವನ ಕಿವಿಯಲ್ಲಿ ಉಸುರಿದ: “ಹೆದರಬೇಡ, ಶುರುವಿಂದ ಕೊನೆವರೆಗೆ ಮೊಬೈಲಲ್ಲಿ ಹಿಡಿದಿದ್ದೀನಿ.”

ಸ್ಟುಡಿಯೋದವನು ಅವನ ಎರಡೂ ಕೈ ಹಿಡಿದುಕೊಂಡ. ಮೂವರೂ ಸ್ಟುಡಿಯೋಗೆ ಬಂದರು. ಹೊಸ ಪೋರ್ಟಿಗೆ ಮೊಬೈಲ್ ಸಿಕ್ಕಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಿಡಿಯೋ ಇಳಿದುಬಂತು.

ತೆರೆಯ ತುಂಬ ಒಂದು ಬಾಲ. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ನಲವತ್ತು ನಿಮಿಷವೂ ಬಾಲವೇ.

“ನೋಡಣ್ಣ,” ಎಂದ ಟೈಲರ್ ಹೆಮ್ಮೆಯಿಂದ, “ಅಷ್ಟು ಕುಣಿದ್ರೂ ಒಂದು ಹೊಲಿಗೆ ಬಿಟ್ಟಿದೆಯಾ?”