ಮಾಡೆಮ್ಮಿನ ಜೋಗುಳ

ಪದಬಂಧದವರ ತಾಪತ್ರಯ ಶುರುವಾದದ್ದು ಸಂಪಾದಕರ ಒಂದು ಮಾತಿನಿಂದ. "ಇನ್ಮೇಲೆ ಕೈಬರಹ ಬೇಡ. ಈ ವಾರದ ಪದಬಂಧ ಇವತ್ತು ಸಂಜೆಯೊಳಗೆ ಇಮೇಲಲ್ಲಿ ಬರ್ಬೇಕು. ಬರದಿದ್ರೆ ಬೇರೆಯವರಿದ್ದಾರೆ."

ಪತ್ರಿಕೆಗೆ ಪದಬಂಧ ಕಟ್ಟಿಕೊಡುವುದು ಅವರ ಕಸುಬು. ಓಣಿಯವರ ಬಾಯಲ್ಲಿ ಅದೇ ಅವರ ಹೆಸರೂ ಆಗಿಹೋಗಿತ್ತು. ಮನೆಯಲ್ಲಿ ಕಂಪ್ಯೂಟರೇನೋ ಇತ್ತು. ಹೆಂಡತಿಯ ತಮ್ಮ ತನ್ನ ಹಳೆಯದನ್ನು ತಂದಿಟ್ಟು, "ಭಾವ, ಇದರಲ್ಲಿ ಲಿನಕ್ಸ್ ಹಾಕಿದೀನಿ. ವೈರಸ್ ಹತ್ರಾನೂ ಸುಳಿಯಲ್ಲ" ಎಂದು ಅಭಯ ಕೊಟ್ಟು ಹೋಗಿದ್ದ. ವೈರಸ್ ಸುಳಿಯಲಿಲ್ಲ, ನಿಜ. ಇಂಟರ್ನೆಟ್ಟೂ ಸುಳಿಯಲಿಲ್ಲ.

ಕಪ್ಪು ಪರದೆಯ ಮುಂದೆ ಕೂತು ಅವರು ಬಾಮೈದ ಹೇಳಿಕೊಟ್ಟಿದ್ದ ಆಜ್ಞೆಯನ್ನು ಟೈಪು ಮಾಡಿದರು. ಮೇಜಿನ ಮೇಲಿದ್ದ ಮಾಡೆಮ್ ಫೋನ್ ಲೈನು ಹಿಡಿದು ನಂಬರು ಒತ್ತಿತು, ಕೀಂ ಎಂದಿತು, ಗೊಗ್ಗರು ದನಿಯಲ್ಲಿ ಕರ್ರ್ ಎಂದಿತು, ಆಮೇಲೆ ಕಾದ ಬಾಣಲೆಗೆ ನೀರು ಬಿದ್ದಂತೆ ಷ್ಷ್ ಎಂದು ಬಹಳ ಹೊತ್ತು ಉಸುರಿತು. ಪದಬಂಧದವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಸಂಪರ್ಕ ಕಡಿದಿದೆ ಎಂದು ಪರದೆ ಹೇಳಿತು. ಮಾಡೆಮ್ಮಿಗೆ ನಾಚಿಕೆಯೇ ಇಲ್ಲ. ಮತ್ತೆ ಮೊದಲಿಂದ ನಂಬರು ಒತ್ತತೊಡಗಿತು.

ಬಾಮೈದನನ್ನು ಕೇಳೋಣವೆಂದರೆ ಮನೆಗಿದ್ದುದು ಒಂದೇ ಲೈನು. ಅವನು ಮಾತಾಡುವಾಗ ಮಾಡೆಮ್ ಬಾಯಿ ಮುಚ್ಚಬೇಕು. ಮಾಡೆಮ್ ಬಾಯಿ ತೆರೆದಾಗ ಅವನನ್ನು ಕೆಳಗಿಡಬೇಕು. "ಪಾಸ್‌ವರ್ಡ್ ನೋಡಿ ಭಾವ" ಎಂದ. ನೋಡಿದರು. ಕೀಂ, ಕರ್ರ್, ಷ್ಷ್. "ಕೇಬಲ್ ಗಟ್ಟಿಯಾಗಿ ಒತ್ತಿ ಭಾವ" ಎಂದ. ಒತ್ತಿದರು. ಕೀಂ, ಕರ್ರ್, ಷ್ಷ್. ಹೆಂಡತಿ ಎರಡೂ ಕಿವಿಗೆ ದಿಂಬು ಒತ್ತಿಕೊಂಡು ಬಂದು, "ರೀ, ಒಂದೋ ಅದನ್ನ ಸಾಯಿಸಿ, ಇಲ್ಲ ನನ್ನನ್ನ ತವರಿಗೆ ಕಳಿಸಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ ನಿಂತಿದ್ದರು. ಜಗಳಕ್ಕೇ ಬಂದರೆಂದು ಪದಬಂಧದವರು ಎದ್ದು ಕೈ ಜೋಡಿಸಿದರು. "ಈಗಲೇ ನಿಲ್ಲಿಸ್ತೀನಿ ಅಜ್ಜಿ."

"ಅಯ್ಯೋ, ನಿಲ್ಲಿಸ್ಬೇಡಪ್ಪಾ!" ಅಜ್ಜಿ ಪಿಸುಗುಟ್ಟಿದರು. "ಮೊಮ್ಮಗೂಗೆ ಹಲ್ಲು ಬರ್ತಿದೆ. ನಮ್ಮನೇಲಿ ಯಾರೂ ಕಣ್ಣು ಮುಚ್ಚಿಲ್ಲ. ಗೋಡೆ ಆಚೆಯಿಂದ ಈ ನಿನ್ನ ಹಾಡು ಕೇಳಿದ್ದೇ ತಡ, ಅಳು ನಿಲ್ಲಿಸಿಬಿಡ್ತು. ಇಲ್ಲೇ ತಂದು ಮಲಗಿಸ್ಲಾ?"

ಉತ್ತರಕ್ಕೆ ಕಾಯದೆ ಮಗು ಬಂತು, ಮಗುವಿನ ಹಾಸಿಗೆ ಬಂತು, ತೂಕಡಿಸುತ್ತ ಮಗುವಿನ ತಾಯಿಯೂ ಬಂದಳು. ಮಗುವನ್ನು ಮೇಜಿನ ಕೆಳಗೆ ಮಲಗಿಸಿ ಇಬ್ಬರೂ ಗೋಡೆಗೊರಗಿದರು. ಕಿಟಕಿಯ ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಧೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಷ್ಷ್ ಎನ್ನುವ ಸದ್ದು ಎಲ್ಲೋ ದೂರದ ಕಡಲಿನಂತೆ ಬಂದು ಹೋಗಿ ಮಾಡುತ್ತಿತ್ತು. ಅಜ್ಜಿಯ ತಲೆ ಮಗಳ ಭುಜಕ್ಕೆ ಜಾರಿತು. ಹೆಂಡತಿಯೂ ಕಿವಿಯ ದಿಂಬನ್ನು ತಲೆಯಡಿಗೆ ಇಟ್ಟುಕೊಂಡಳು.

ಎರಡು ಹಾಡಿನ ನಡುವೆ ಪದಬಂಧದವರು ಮಾಡೆಮ್ಮನ್ನು ತಡೆದು ಫೋನೆತ್ತಿದರು. "ಬೇಗ ಹೇಳೋ, ಮಗು ಎದ್ಬಿಡುತ್ತೆ."

"ಯಾವ ಮಗು? ಇರ್ಲಿ. ಆ ನಂಬರು, ಪಾಸ್‌ವರ್ಡ್ ಇರೋ ಫೈಲಲ್ಲಿ ಸ್ಟುಪಿಡ್ ಮೋಡ್ ಅಂತ ಬರೆದು, ಮುಂದೆ ಯೆಸ್ ಅಂತ ಹಾಕಿ ಭಾವ."

"ಯಾರಿಗೋ ಹೇಳ್ತಿರೋದು?"

"ನಿಮಗಲ್ಲ ಭಾವ, ಅದರ ಹೆಸರೇ ಅದು! ಹಾಗೆ ಬರೆದ್ರೆ, ಆ ಕಡೆಯವರು ಏನಂದ್ರು ಅಂತ ತಲೆ ಕೆಡಿಸ್ಕೊಳ್ದೆ ಸೀದಾ ಒಳಗೆ ನುಗ್ಗುತ್ತೆ."

"ಓ, ನಿನ್ನ ಥರ" ಎಂದು ಫೋನಿಟ್ಟು ಬರೆದರು. ಮಾಡೆಮ್ ಹಾಡಿತು. ಹಾಡಿ, ಸುಮ್ಮನಾಯಿತು. ಪರದೆಯ ಮೇಲೆ ಸಾಲುಸಾಲಾಗಿ ಅಂಕಿಗಳು ಇಳಿದವು. ಸಿಕ್ಕಿತು! ಕೋಣೆಯಲ್ಲಿ ಸೊಗಸಾದ ನಿಶ್ಶಬ್ದ ತುಂಬಿತು.

ಮರುಗಳಿಗೆಯೇ ಮಗು ಸೂರು ಹಾರುವಂತೆ ಕಿರುಚಿತು. ಮೂವರು ಹೆಂಗಸರೂ ಧಡಕ್ಕನೆ ಎದ್ದರು.

"ಯಾಕಪ್ಪಾ ಹಾಳು ಮಾಡ್ದೆ?" ಎಂದರು ಅಜ್ಜಿ.

"ಹಾಳಲ್ಲ ಅಜ್ಜಿ, ರಿಪೇರಿ ಆಯ್ತು!"

"ಯಾರು ಕೇಳಿದ್ರು ನಿನ್ನನ್ನ ರಿಪೇರಿ ಮಾಡು ಅಂತ?"

"ಒಂದೇ ನಿಮಿಷ, ಪದಬಂಧ ಕಳಿಸಿಬಿಡ್ತೀನಿ..."

ಬೆಳಿಗ್ಗೆ ಮಾಡೆಮ್ಮನ್ನು ಸಾಯಿಸಿ ಎಂದಿದ್ದ ಹೆಂಡತಿ ಈಗ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ರೀ, ಎಳೇ ಮಗುಗಿಂತ ನಿಮ್ಮ ಪದಬಂಧ ಹೆಚ್ಚಾಯ್ತಾ?" ಎನ್ನುತ್ತ ಫೋನಿನ ವೈರು ಕಿತ್ತು, ಮತ್ತೆ ಸಿಕ್ಕಿಸಿ, "ಹಾಡಿಸಿ" ಎಂದಳು. ಪದಬಂಧದವರು ಬರೆದ ಸಾಲನ್ನು ತಾವೇ ಅಳಿಸಿದರು. ಕೀಂ, ಕರ್ರ್, ಷ್ಷ್. ಮಗು ತೆಪ್ಪಗಾಯಿತು.

ಕೊನೆಗೆ ಪದಬಂಧವನ್ನು ಕಾಗದದ ಮೇಲೆ ಚೌಕಚೌಕವಾಗಿ ಬರೆದುಕೊಂಡು ಅವರು ಕಚೇರಿಗೆ ನಡೆದೇ ಹೋದರು.

"ಇಂಟರ್ನೆಟ್ ಸಿಗ್ಲಿಲ್ಲ ಸಾರ್."

"ಸಿಗ್ಲಿಲ್ವಾ?" ಸಂಪಾದಕರು ತಲೆಯೆತ್ತಿದರು. "ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಬೆರಳು ಸವೀತು. ಈಗಲೂ ಎಂಗೇಜು! ದಿನವಿಡೀ ಇಂಟರ್ನೆಟ್ಟಲ್ಲಿ ತಿರುಗಾಡಿ ನನಗೆ ಕಾಗದ ತರ್ತೀರಾ?"

"ಅಲ್ಲ ಸಾರ್, ಅದು ಮಗು ಮಲಗಿಸ್ತಿದೆ."

"ಯಾವುದು?"

"ಮಾಡೆಮ್ಮು."

ಸಂಪಾದಕರು ಕನ್ನಡಕ ತೆಗೆದು ಅವರನ್ನೇ ನೋಡಿದರು. ಆಮೇಲೆ ಬಹಳ ಮೃದುವಾಗಿ, "ಈ ವಾರ ಬೇರೆಯವರದ್ದು ಹಾಕ್ತೀವಿ. ನೀವು ಮನೆಗೆ ಹೋಗಿ ನಿದ್ದೆ ಮಾಡಿ" ಎಂದರು.

ಓಣಿಗೆ ಕಾಲಿಟ್ಟಾಗ ಹೊಂಬಿಸಿಲು ಗೋಡೆಗಳ ಮೇಲೆ ಒರಗಿತ್ತು. ಹಾಡು ದೂರದಿಂದಲೇ ಕೇಳುತ್ತಿತ್ತು. ಮೂಲೆಯ ಅಂಗಡಿಯವ ಗಲ್ಲಕ್ಕೆ ಕೈಯಿಟ್ಟು ನಿದ್ದೆ ಹೋಗಿದ್ದ. ಮೆಟ್ಟಿಲ ಮೇಲಿನ ಬೆಕ್ಕು ಕಣ್ಣು ತೆರೆಯಲೂ ಇಲ್ಲ. ಇಡೀ ಓಣಿ ನೀರೊಳಗೆ ಮುಳುಗಿದಂತಿತ್ತು. ಹೋಗಲಿ, ಒಂದು ಪುಟ್ಟ ಜೀವವಾದರೂ ನೆಮ್ಮದಿಯಾಗಿ ಮಲಗಿತಲ್ಲ ಎಂದುಕೊಂಡು ಅವರು ತುದಿಗಾಲಲ್ಲಿ ಒಳಗೆ ಹೋದರು.

ಅಜ್ಜಿ ಬಾಯಿ ತೆರೆದು ಮಲಗಿದ್ದರು. ತಾಯಿ ಮಲಗಿದ್ದಳು. ಹೆಂಡತಿಯ ಗೊರಕೆ ಕರ್ರ್ ಎನ್ನುವಲ್ಲಿ ಮಾಡೆಮ್ಮಿನ ಜೊತೆ ಸೇರಿಕೊಳ್ಳುತ್ತಿತ್ತು. ಪದಬಂಧದವರು ಬಗ್ಗಿ ಮೇಜಿನ ಕೆಳಗೆ ನೋಡಿದರು.

ಮಗು ಕಾಲ್ಬೆರಳು ಚೀಪುತ್ತ, ಕಣ್ಣರಳಿಸಿಕೊಂಡು ಹಾಡು ಕೇಳುತ್ತಿತ್ತು. ಆ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ. ಮಲಗಿದ್ದೇ ಇಲ್ಲವೇನೋ. ಅವರನ್ನು ಕಂಡು ಬೊಚ್ಚುಬಾಯಿ ಅಗಲಿಸಿ ನಕ್ಕು, ಎತ್ತಿಕೋ ಎಂದು ಎರಡೂ ಕೈ ಚಾಚಿತು. ಎತ್ತಿಕೊಂಡರು. ಮೀಸೆ ಹಿಡಿದುಕೊಂಡಿತು. ಕೆಳಗಿಡಲು ನೋಡಿದರೆ ತುಟಿ ನಡುಗಿತು, ಬಾಯಿ ತೆರೆಯಿತು. ಅವರು ಗಾಬರಿಯಿಂದ ಮತ್ತೆ ಹೆಗಲಿಗೆ ಹಾಕಿಕೊಂಡರು.

ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ಮಲಗಿದವರ ಕಾಲುಗಳನ್ನು ದಾಟುತ್ತ ಪದಬಂಧದವರು ನಡೆಯತೊಡಗಿದರು. ಅವರ ಕಣ್ಣು ಎಳೆಯುತ್ತಿತ್ತು.